ಎದೆಗೆ ಕಟ್ಟಿದ ಹಸಿರು ಕಲ್ಲು

ಅವತ್ತು ಮಾಡಿದ ಕೆಲಸಗಳು ನನಗೆ ಇನ್ನೂ ಸಾಲಾಗಿ ನೆನಪಿವೆ. ನಸುಕಿನಲ್ಲಿ ಎದ್ದು ಅಂಗಳ ಗುಡಿಸಿ ಸೆಗಣಿ ನೀರು ಹೊಡೆದೆ. ಬಾವಿಯಿಂದ ನೀರು ತಂದು ಅರಿವೆಯಲ್ಲಿ ಸೋಸಿ ಕೊಡ ತುಂಬಿದೆ. ಹಂಡೆಗೆ ಉರಿ ಹಾಕಿದೆ. ಎಮ್ಮೆಯ ಹಾಲು ಕಾಸಿ ಹೆಪ್ಪು ಹಾಕಿದೆ. ರೊಟ್ಟಿ ಬಡಿದು ಬುಟ್ಟಿಯಲ್ಲಿಟ್ಟು ಅರಿವೆ ಮುಚ್ಚಿದೆ. ನಾದಿನಿಗೆ ಉಪ್ಪಿಲ್ಲದ ನುಚ್ಚಿನ ಗಂಜಿ ಬೇಯಿಸಿದೆ. ಅವಳ ತಲೆ ಬಾಚಿ ಜಡೆ ಹೆಣೆದೆ. ಒದ್ದೆ ಅರಿವೆಯಿಂದ ಕಾಲು ಒರೆಸುವಾಗ ಪಾದದ ಮೇಲೆ ಹೆಬ್ಬೆರಳು ಒತ್ತಿ ನೋಡಿದೆ. ಗುಳಿ ಬಿತ್ತು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಇತ್ತು. ಆಮೇಲೆ ಕೈ ತೊಳೆದು, ಒಡೆದ ಹಸಿರು ಕಲ್ಲಿನ ಎರಡು ತುಂಡುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಹುಮನಾಬಾದಿನಿಂದ ಕಲ್ಯಾಣಕ್ಕೆ ಹೋಗುವ ಬಸ್ಸು ಹತ್ತಿದೆ.

ಬಸವಕಲ್ಯಾಣ ನನ್ನ ತವರು. ನಾವೆಲ್ಲ ಬರೀ ಕಲ್ಯಾಣ ಎನ್ನುತ್ತೇವೆ. ಕೋಟೆಯ ಕಡೆ ಹೋಗುವ ದಾರಿಯಲ್ಲಿ ಅಪ್ಪನದು ಬೆಳ್ಳಿಯ ಅಂಗಡಿ. ಲಿಂಗದ ಕರಡಿಗೆ, ಕಾಲುಂಗುರ, ಕೂಸುಗಳ ಉಡದಾರ, ಇವು ದಿನದ ವ್ಯಾಪಾರ. ಅದರ ಜೊತೆಗೆ ಹಳೆಯ ಕಲ್ಲುಗಳು. ನಿಜಾಮನ ಆಳಿಕೆ ಹೋದ ಮೇಲೆ ನಮ್ಮ ಕಡೆಯ ಜಹಗೀರದಾರರ ದೊಡ್ಡ ದೇವಡಿಗಳು ಒಳಗಿಂದೊಳಗೆ ಬರಿದಾಗುತ್ತಿದ್ದವು. ಹೊರಗಿನ ಬಾಗಿಲಿಗೆ ಬಣ್ಣ ಇರುತ್ತಿತ್ತು, ಒಳಗಿನ ಪೆಟ್ಟಿಗೆಯಲ್ಲಿ ಏನೂ ಇರುತ್ತಿರಲಿಲ್ಲ. ಆ ಮನೆಗಳಿಂದ ಚೂರಿಯ ಹಿಡಿಕೆ, ಹುಕ್ಕಾದ ಮೂತಿ, ತಾಯಿತದ ಬಿಲ್ಲೆ ಅರಿವೆಯಲ್ಲಿ ಸುತ್ತಿಕೊಂಡು ಅಪ್ಪನ ಗಾದಿಗೆ ಬರುತ್ತಿದ್ದವು. ಅವುಗಳಲ್ಲಿ ಹೆಚ್ಚಿನವು ಯಶಬ್ ಕಲ್ಲಿನವು. ಇಂಗ್ಲಿಷ್ ಕಲಿತವರು ಅದನ್ನು ಜೇಡ್ ಎನ್ನುತ್ತಾರೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಾನು ಸಾಲೆಗೆ ಹೋಗುವ ಹುಡುಗಿ. ಸಾಲೆ ಬಿಟ್ಟ ಮೇಲೆ ಅಪ್ಪನಿಗೆ ಚಹಾ ಒಯ್ದು ಅಲ್ಲೇ ಕೂರುತ್ತಿದ್ದೆ. ಕೈಗೆ ಬಂದ ಕಲ್ಲನ್ನು ಅಪ್ಪ ಮೊದಲು ನೋಡುತ್ತಿರಲಿಲ್ಲ. ಗಲ್ಲಕ್ಕೆ ಒತ್ತಿಕೊಳ್ಳುತ್ತಿದ್ದ. ಖರೆ ಯಶಬ್ ಆದರೆ ಬಾವಿಯ ತಳದ ಕಲ್ಲಿನಂತೆ ತಣ್ಣಗಿರುತ್ತದೆ, ಮುಷ್ಟಿಯಲ್ಲಿ ಹಿಡಿದುಕೊಂಡರೂ ಬೇಗ ಬೆಚ್ಚಗಾಗುವುದಿಲ್ಲ. ಆಮೇಲೆ ಅಂಗೈಯಲ್ಲಿ ಮೇಲೆ ಕೆಳಗೆ ತೂಗಿ ನೋಡುತ್ತಿದ್ದ. ಕಣ್ಣಿಗೆ ಕಂಡದ್ದಕ್ಕಿಂತ ಕೈಗೆ ಭಾರ ಹತ್ತಬೇಕು. ಆಮೇಲೆ ಸೂಜಿ. ಕಲ್ಲಿನ ಅಂಚಿನಲ್ಲಿ ಯಾರಿಗೂ ಕಾಣದ ಕಡೆ ಸೂಜಿಯ ಮೊನೆ ಎಳೆಯುತ್ತಿದ್ದ. ಬಿಳಿ ಗೆರೆ ಬಿದ್ದರೆ ಅದು ಜಹರಮೊಹರಾ. ಅದೂ ಹಸಿರೇ, ನೋಡುವುದಕ್ಕೆ ತಂಗಿಯಂತೆ ಇರುತ್ತದೆ. ಆದರೆ ಮೆತ್ತನೆಯ ಕಲ್ಲು. ಹಕೀಮರು ಅದನ್ನು ತೇಯ್ದು ಔಷಧಕ್ಕೆ ಕೊಡುತ್ತಿದ್ದರು. ಗೆರೆ ಬೀಳದಿದ್ದರೆ ದಾರಕ್ಕೆ ಕಟ್ಟಿ ತೂಗುಬಿಟ್ಟು ಇನ್ನೊಂದು ಯಶಬ್‌ನಿಂದ ಮೆಲ್ಲಗೆ ತಟ್ಟುತ್ತಿದ್ದ. ಕಂಚಿನ ಸಣ್ಣ ಬಟ್ಟಲಿನಂಥ ದನಿ ಬರಬೇಕು. ಕೊನೆಗೆ ಬಿಸಿಲಿಗೆ ಹಿಡಿಯುತ್ತಿದ್ದ. ಒಳಗೆ ಹತ್ತಿಯ ಎಳೆ ಬಿಡಿಸಿಟ್ಟ ಹಾಗೆ ಕಂಡರೆ ಒಳ್ಳೆಯದು. ಗಾಳಿಯ ಗುಳ್ಳೆ ಕಂಡರೆ ಗಾಜು.

ಮೇಲಿನ ಹೊಳಪಿನ ವಿಷಯವನ್ನೂ ಹೇಳುತ್ತಿದ್ದ. ಗಾಜು ನೀರಿನಂತೆ ಹೊಳೆಯುತ್ತದೆ, ಯಶಬ್ ಹೆಪ್ಪುಗಟ್ಟಿದ ತುಪ್ಪದಂತೆ. ಹಸಿರು ಇದ್ದದ್ದೆಲ್ಲ ಯಶಬ್ ಅಲ್ಲ, ಯಶಬ್ ಎಲ್ಲವೂ ಹಸಿರಲ್ಲ. ಬಹಳ ಒಳ್ಳೆಯದು ಮಜ್ಜಿಗೆಯ ಮೇಲೆ ನಿಂತ ತಿಳಿನೀರಿನ ಬಣ್ಣದ್ದು. ಒಮ್ಮೆ ಅಟ್ಟದ ಮೇಲಿಂದ ಒಂದು ಚೂರಿಯ ಹಿಡಿಕೆ ಜಾರಿ ಕೆಳಗಿನ ಹಾಸುಗಲ್ಲಿಗೆ ಬಿತ್ತು. ಹಾಸುಗಲ್ಲಿನಿಂದ ಒಂದು ಚಕ್ಕೆ ಎದ್ದಿತು. ಹಿಡಿಕೆಗೆ ಏನೂ ಆಗಿರಲಿಲ್ಲ. ಅಪ್ಪ ಅದನ್ನು ಎತ್ತಿ ಒರೆಸಿ, ಇದರ ಗುಣ ಇದೇ, ಒಡೆಯುವುದಿಲ್ಲ ಎಂದ. ನಾನು ಅದನ್ನು ಒಂದು ಮಾತೆಂದು ಕೇಳಿ ಬಿಟ್ಟೆ.

ಯಶಬ್‌ನಿಂದ ಮಾಡಿದ ಬಿಲ್ಲೆಗೆ ನಮ್ಮ ಕಡೆ ಹೌಲದಿಲಿ ಎನ್ನುತ್ತಾರೆ. ಎದೆ ಹೊಡೆದುಕೊಳ್ಳುವವರಿಗೆ, ನಿದ್ದೆಯಲ್ಲಿ ಬೆಚ್ಚುವವರಿಗೆ ಅದನ್ನು ದಾರದಲ್ಲಿ ಪೋಣಿಸಿ ಸರಿಯಾಗಿ ಎದೆಗುಂಡಿಗೆಯ ಮೇಲೆ ಬರುವಂತೆ ಕಟ್ಟುವುದು ರೂಢಿ. ಮುಸಲ್ಮಾನರ ಮನೆಯಿಂದ ಬಂದ ರೂಢಿಯಾದರೂ ನಮ್ಮವರೂ ಕಟ್ಟುತ್ತಿದ್ದರು. ಕೊರಳಲ್ಲಿ ಲಿಂಗ, ಅದರ ಕೆಳಗೆ ಹೌಲದಿಲಿ. ಯಾರೂ ಅದಕ್ಕೆ ಬೇರೆ ಅರ್ಥ ಹಚ್ಚುತ್ತಿರಲಿಲ್ಲ.

ನನ್ನ ಮದುವೆ ಹುಮನಾಬಾದಿನ ಮನೆಗೆ ಗಟ್ಟಿಯಾದಾಗ ನನ್ನ ಅತ್ತೆಗೆ ಎದೆ ಹಾರುವ ರೋಗ ಇದೆ ಎಂದು ಅಪ್ಪನ ಕಿವಿಗೆ ಬಿತ್ತು. ಬೀಗರಿಗೆ ಸೀರೆಯ ಜೊತೆಗೆ ಒಂದು ಹೌಲದಿಲಿಯನ್ನೂ ಕೊಟ್ಟ. ಒಂದು ದೇವಡಿಯ ಮುದುಕಿ ಪರದೆಯ ಹಿಂದೆ ಕೂತು, ದಾಸಿಯ ಕೈಯಲ್ಲಿ ಕಳಿಸಿ ಮಾರಿದ್ದು ಅದು. ದಪ್ಪ ಹಸಿರು ಬಿಲ್ಲೆ, ಸುತ್ತ ಬೆಳ್ಳಿಯ ಕಟ್ಟು, ಬೆನ್ನಿಗೆ ಬೆಸೆದ ಬೆಳ್ಳಿಯ ತಗಡು. ಬೀಗರ ಪಂಗತಿಯಲ್ಲಿ ಅದು ಕೈಯಿಂದ ಕೈಗೆ ಹೋಯಿತು. ನನ್ನ ಅತ್ತೆ ಅದನ್ನು ಗಲ್ಲಕ್ಕೆ ಹಚ್ಚಿಕೊಂಡು ತಣ್ಣಗದ ಎಂದಳು. ಅಪ್ಪನ ಮುಖ ಅರಳಿತು.

ಅತ್ತೆ ಹೊರಗೆ ಬಿರುಸು, ಒಳಗೆ ಅಂಜುಬುರುಕಿ. ನನ್ನ ಮಾವನನ್ನು ಹೈದರಾಬಾದಿನ ದೊಡ್ಡ ದವಾಖಾನೆಗೆ ಒಯ್ದಿದ್ದರಂತೆ. ಹೋಗುವಾಗ ಕೂತುಕೊಂಡು ಹೋದವನು ಬರುವಾಗ ಮಲಗಿಕೊಂಡು ಬಂದ. ಅಂದಿನಿಂದ ಹೈದರಾಬಾದಿನ ರಸ್ತೆಯ ಹೆಸರು ತೆಗೆದರೆ ಅತ್ತೆ ಎದ್ದು ಒಳಗೆ ಹೋಗುತ್ತಿದ್ದಳು. ನನ್ನ ಗಂಡ ದವಸದ ಅಡತಿ ಅಂಗಡಿಯಲ್ಲಿ ಹತ್ತು ಜನರ ನಡುವೆ ದನಿ ಎತ್ತಿ ಮಾತಾಡುವವನು, ಮನೆಯಲ್ಲಿ ಅವ್ವ ಹೇಳಿದ್ದಕ್ಕೆ ಹೂಂ ಎನ್ನುವವನು. ನಾದಿನಿ ಅವನ ಒಬ್ಬಳೇ ತಂಗಿ. ನಾನು ಆ ಮನೆಗೆ ಬಂದಾಗ ಪರಕಾರ ಉಟ್ಟು ಓಡಾಡುತ್ತಿದ್ದಳು. ನಾನು ರೊಟ್ಟಿ ಬಡಿಯುವಾಗ ಬದಿಗೆ ಕೂತು ಅಂಗಡಿಗೆ ಬಂದವರ ನಡಿಗೆ, ಕೆಮ್ಮು, ಮೂಗು ತಿಕ್ಕುವುದು ಎಲ್ಲ ಮಾಡಿ ತೋರಿಸುತ್ತಿದ್ದಳು. ನಗಿಸಿ ನಗಿಸಿ ಎಷ್ಟೋ ರೊಟ್ಟಿ ಹೊತ್ತಿಸಿದ್ದಾಳೆ.

ಸೀರೆ ಉಡುವ ವಯಸ್ಸಿಗೆ ಬಂದಾಗ ಅವಳಿಗೆ ಉಸಿರು ಸಾಲದಾಯಿತು. ಮೊದಲು ಮಾಳಿಗೆಯ ಮೆಟ್ಟಿಲ ಮೇಲೆ. ಆಮೇಲೆ ಕೊಡ ಎತ್ತುವಾಗ. ಆಮೇಲೆ ಸುಮ್ಮನೆ ಮಲಗಿದಾಗ. ಅಂಗಾತ ಮಲಗಿದರೆ ಯಾರೋ ಎದೆಯ ಮೇಲೆ ಕೂತಂತಾಗುತ್ತದೆ ಎಂದು ಕೌದಿಗಳನ್ನು ಒಟ್ಟಿ ಅದಕ್ಕೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಊರಿನ ಡಾಕ್ಟರರು ಎದೆಗೆ ನಳಿಕೆ ಇಟ್ಟು ಬಹಳ ಹೊತ್ತು ಕೇಳಿದರು. ಗುಂಡಿಗೆಯ ಒಳಬಾಗಿಲು ಕಿರಿದಾಗಿದೆ, ಗುಳಿಗೆ ಕೊಡುತ್ತೇನೆ, ಆದರೆ ತಡ ಮಾಡದೆ ಹೈದರಾಬಾದಿಗೆ ಒಯ್ಯಿರಿ, ಕಾಲು ಬಾತರೆ ಒಂದು ದಿನವೂ ನಿಲ್ಲಬೇಡಿ ಎಂದರು. ಉಪ್ಪು ಕೊಡಬೇಡಿ ಎಂದರು. ಮನೆಗೆ ಬಂದ ಅತ್ತೆ ತನ್ನ ಕೊರಳಿನ ಹೌಲದಿಲಿ ಬಿಚ್ಚಿ ಮಗಳ ಕೊರಳಿಗೆ ಕಟ್ಟಿದಳು. ನಾದಿನಿ ಅದನ್ನೂ ನಗೆಗೆ ಹಚ್ಚಿದಳು.

“ವೈನಿ, ನನ್ನ ಲಗ್ನ ಆತು ನೋಡ್ರಿ. ಗಂಡ ಭಾಳ ತಣ್ಣನ ಮನಷ್ಯಾ. ಬೈಯೂದಿಲ್ಲ, ಹೊಡ್ಯೂದಿಲ್ಲ, ಎದಿ ಬಿಟ್ಟು ಏಳೂದಿಲ್ಲ.”

ಈ ಸಲ ನನ್ನ ಗಂಡ ಗಟ್ಟಿಯಾಗಿ ನಿಂತ. ಅವ್ವನನ್ನು ಒಪ್ಪಿಸಿ ಹೈದರಾಬಾದಿಗೆ ಹೋಗುವ ದಿನ ಗೊತ್ತು ಮಾಡಿದ. ಅರಿವೆಯ ಗಂಟು ಕಟ್ಟಿದೆವು. ಹೊರಡುವ ಮುಂಚಿನ ದಿನ ಅತ್ತೆ ಮಗಳಿಗೆ ತಲೆಯ ಮೇಲಿಂದ ನೀರು ಹಾಕಿದಳು. ಕೈಮೈ ತಣ್ಣಗಿವೆ ಎಂದು ಹಂಡೆಯ ಕುದಿನೀರಿಗೆ ಸ್ವಲ್ಪವೇ ತಣ್ಣೀರು ಬೆರೆಸಿದ್ದಳು. ನಾನು ಬಚ್ಚಲಿನ ಬಾಗಿಲಲ್ಲಿ ಒಣ ಸೀರೆ ಹಿಡಿದು ನಿಂತಿದ್ದೆ. ಚೊಂಬಿನ ನೀರು ಎದೆಯ ಮೇಲೆ ಬಿದ್ದಾಗ ಟಿಕ್ ಎಂದು ಸಪ್ಪಳವಾಯಿತು. ಹೌಲದಿಲಿ ನಡುವಿಗೆ ಸೀಳಿ ಬೆಳ್ಳಿಯ ಕಟ್ಟಿನಿಂದ ಸಡಿಲಿತ್ತು.

ಅತ್ತೆಯ ಕೈಯಿಂದ ಚೊಂಬು ಬಿತ್ತು. ಅವಳು ಹೆದರಿದಳೆಂದು ತಿಳಿದು ನಾನು ಒಳಗೆ ಹೋದೆ. ಹೆದರಿರಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು ಮಗಳ ತಲೆಯ ಮೇಲೆ ಕೈ ಆಡಿಸುತ್ತಿದ್ದಳು.

“ಗಂಡಾಂತರ ಹೋತವ್ವಾ. ಕಲ್ಲು ತನ್ನ ಮ್ಯಾಲೆ ತಗೊಂಡದ.”

ನಮ್ಮ ಕಡೆಯ ನಂಬಿಕೆ ಅದು. ಖರೆ ಹೌಲದಿಲಿ ಒಂದು ದಿನ ಕಟ್ಟಿಕೊಂಡವರ ರೋಗವನ್ನು ತಾನು ಹೊತ್ತು ಒಡೆಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಒಡೆದದ್ದೇ ಕಲ್ಲು ಖರೆ ಎನ್ನುವುದಕ್ಕೆ ಸಾಕ್ಷಿ. ಒಡೆದ ಮೇಲೆ ಅಮಾಸೆ ಕಳೆಯುವ ತನಕ ರೋಗಿ ಊರ ಸೀಮೆ ದಾಟಬಾರದು, ದಾಟಿದರೆ ಹೋದದ್ದು ದಾರಿಯಲ್ಲಿ ಎದುರಾಗಿ ಮತ್ತೆ ಹತ್ತುತ್ತದೆ. ಅತ್ತೆ ಅರಿವೆಯ ಗಂಟು ಬಿಚ್ಚಿಸಿದಳು. ನೆರೆಯವರು ನೋಡಲು ಬಂದರು. ಬಂದವರಿಗೆಲ್ಲ ಅತ್ತೆ ಎರಡು ತುಂಡು ತೋರಿಸಿ, ನನ್ನ ಅಪ್ಪನನ್ನು ಹೊಗಳಿದಳು. ಬೀಗ ಅಂದರೆ ಹೀಂಗಿರಬೇಕು, ಖೊಟ್ಟಿ ಮಾಲು ಕೊಡುವ ಮಂದಿಯ ಕಾಲದಾಗ ಖರೆ ಕಲ್ಲು ಕೊಟ್ಟಾನ ಎಂದಳು. ನನ್ನ ತವರನ್ನು ಆ ಮನೆಯಲ್ಲಿ ಯಾರಾದರೂ ಅಷ್ಟು ಹೊಗಳಿದ್ದು ಅದೇ ಮೊದಲು.

ನಾದಿನಿಗೂ ಒಂದೆರಡು ದಿನ ಹಗುರಾಯಿತು. ಎದ್ದು ಅಡುಗೆಮನೆಗೆ ಬಂದು ಕೂತಳು. ನನಗೆ ಮಾತ್ರ ಅಟ್ಟದಿಂದ ಬಿದ್ದ ಹಿಡಿಕೆ ಕಣ್ಣ ಮುಂದೆ ಬರುತ್ತಿತ್ತು. ಗಂಡನಿಗೆ ಹೇಳಿದೆ. ಅವ್ವಗ ನೀನೇ ಹೇಳು ಎಂದ. ಅತ್ತೆಗೆ ಹೇಳಿದೆ. ಯಶಬ್ ಒಡೆಯುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ, ಇದನ್ನು ಒಮ್ಮೆ ಅಪ್ಪನಿಗೆ ತೋರಿಸೋಣ ಎಂದೆ. ಅತ್ತೆ ಬೈಯಲಿಲ್ಲ. ತವರಿನ ಮಾನ ತಾನೇ ಕಳೆಯಲು ಹೊರಟವಳನ್ನು ನೋಡುವಂತೆ ನೋಡಿದಳು. ಅಮಾಸೆ ಆಗಲಿ ಎಂದಳು. ಮರುದಿನ ಮತ್ತೆ ಕೇಳಿದೆ. ಅದರ ಮರುದಿನವೂ ಕೇಳಿದೆ. ನಾದಿನಿಯ ಕಾಲ್ಗೆಜ್ಜೆ ಬಿಗಿಯಾಗಿ ಗುರುತು ಮೂಡಿದ್ದನ್ನು ತೋರಿಸಿದೆ. ಮನೆಯಲ್ಲಿ ಕೂತು ತಿಂದು ಮೈ ಬಂದಿದೆ ಎಂದಳು. ಕಡೆಗೆ ಬೇಸತ್ತು, ಹಾಗಾದರೆ ಹೋಗು, ನಿಮ್ಮಪ್ಪನೇ ಬಂದು ನನ್ನ ಮುಂದೆ ಖೊಟ್ಟಿ ಎನ್ನಲಿ, ನಿನ್ನ ಬಾಯಿಂದ ನಾನು ಕೇಳುವುದಿಲ್ಲ ಎಂದಳು. ಅಪ್ಪ ಹಾಗೆ ಅನ್ನಲಾರ ಎಂದು ಅವಳಿಗೆ ಭರವಸೆ ಇತ್ತು. ಯಾವ ವ್ಯಾಪಾರಿ ಬೀಗರ ಹೊಸ್ತಿಲಲ್ಲಿ ನಿಂತು ತಾನು ಕೊಟ್ಟದ್ದು ಖೊಟ್ಟಿ ಎಂದಾನು?

ಆ ಮಾತಿನ ಮೇಲೆಯೇ ನಾನು ಅವತ್ತು ಬಸ್ಸು ಹತ್ತಿದ್ದು.

ಅಪ್ಪ ಗಾದಿಯ ಮೇಲೆ ಕೂತು ಒಂದು ಕರಡಿಗೆಗೆ ಹೊಳಪು ಕೊಡುತ್ತಿದ್ದ. ನನ್ನನ್ನು ನೋಡಿ, ಏನವ್ವಾ, ಸುದ್ದಿ ಇಲ್ಲದೆ ಬಂದಿ, ಎಂದು ನಕ್ಕ. ನಾನು ಸೆರಗಿನ ಗಂಟು ಬಿಚ್ಚಿ ಎರಡು ತುಂಡನ್ನು ಅವನ ಮುಂದೆ ಇಟ್ಟೆ. ಹೇಗೆ ಒಡೆಯಿತು, ಅತ್ತೆ ಏನೆಂದಳು, ಡಾಕ್ಟರರು ಏನೆಂದಿದ್ದರು, ಕಾಲಿನ ಗುಳಿ, ಎಲ್ಲ ಹೇಳಿದೆ. ಅಪ್ಪ ಕೈ ಒರೆಸಿಕೊಂಡ. ಗಲ್ಲಕ್ಕೆ ಒತ್ತಿಕೊಳ್ಳಲಿಲ್ಲ, ಸೂಜಿ ತೆಗೆಯಲಿಲ್ಲ. ಒಡೆದ ಬಾಯಿಯನ್ನು ಬೆಳಕಿನ ಕಡೆ ತಿರುಗಿಸಿ ನೋಡಿದ, ಅಷ್ಟೇ. ಅಲ್ಲಿ ಒಡೆದ ಬಳೆಯ ಚೂರಿನಂತೆ ನುಣುಪು ಹೊಳಪು, ಸಿಂಪಿಯ ಬೆನ್ನಿನ ಮೇಲಿನ ಹಾಗೆ ಬಾಗಿದ ಗೆರೆಗಳು. ಯಶಬ್ ಒಡೆಯುವುದೇ ಕಷ್ಟ. ಒಡೆದರೂ ಒಣಗಿದ ಕಟ್ಟಿಗೆ ಮುರಿದಂತೆ ಸಿಬಿರು ಸಿಬಿರಾಗಿ, ಮಂಕಾಗಿ ಇರುತ್ತದೆ. ಬೆನ್ನಿಗೆ ಇನ್ನೂ ಅಂಟಿದ್ದ ಬೆಳ್ಳಿಯ ತಗಡನ್ನು ಉಗುರಿನಿಂದ ಎಬ್ಬಿಸಿದ. ಒಂದು ತುಂಡನ್ನು ಬಿಸಿಲಿಗೆ ಹಿಡಿದು ನನ್ನ ಕೈಗೆ ಕೊಟ್ಟ. ಒಳಗೆ ರಾಗಿಯ ಕಾಳಿನಷ್ಟು ದುಂಡನೆಯ ಗುಳ್ಳೆ ಇತ್ತು. ನನಗೇ ಕಾಣುವಷ್ಟು ದೊಡ್ಡದು.

ಅಪ್ಪ ಬಿಚ್ಚಿದ ತಗಡನ್ನು ತಕ್ಕಡಿಯ ಬದಿಗೆ ಇಟ್ಟ. ಆಮೇಲೆ ನನಗೆ ಹೇಳುವಂತೆ ಅಲ್ಲ, ಗಾದಿಗೆ ಹೇಳುವಂತೆ ಹೇಳಿದ. ಸೂಜಿ ಎಳೆದು ನೋಡಿದ್ದನಂತೆ. ಗೆರೆ ಬೀಳಲಿಲ್ಲ, ಹಾಗಾಗಿ ಜಹರಮೊಹರಾ ಅಲ್ಲ ಎಂದು ಸಮಾಧಾನವಾಯಿತು. ಗಾಜಿಗೂ ಸೂಜಿಯ ಗೆರೆ ಬೀಳುವುದಿಲ್ಲ ಎನ್ನುವುದು ಅವನಿಗೆ ಗೊತ್ತಿಲ್ಲದ್ದಲ್ಲ. ಗಾಜೆಂಬ ಅನುಮಾನವೇ ಬರಲಿಲ್ಲ. ಗಲ್ಲಕ್ಕೆ ತಣ್ಣಗೆ ಹತ್ತಿದ್ದು ಬೆನ್ನಿನ ಬೆಳ್ಳಿ. ಕೈಗೆ ಭಾರ ಹತ್ತಿದ್ದೂ ಬೆಳ್ಳಿ. ಕಟ್ಟಿನೊಳಗಿನ ಕಲ್ಲು ತಟ್ಟಿದರೆ ದನಿ ಕೊಡುವುದಿಲ್ಲ, ಬಿಸಿಲಿಗೆ ಹಿಡಿಯಲು ಬೆನ್ನಿನ ತಗಡು ಬಿಚ್ಚಬೇಕಿತ್ತು.

“ಪರದೆ ಹಿಂದ ಕುಂತಿದ್ದಳವ್ವಾ ಮುದುಕಿ. ಮನಿ ಮುರದು ಮಾರಾಕತ್ತಿದ್ದಳು. ಬೆನ್ನ ಬಿಚ್ಚಲೇನು ಅಂತ ಹ್ಯಾಂಗ ಕೇಳಲಿ? ಕೇಳಿದ್ರ ನೀ ಸುಳ್ಳ ಅದಿ ಅಂದಂಗ ಆಗ್ತಿತ್ತು.”

ನಮ್ಮೂರಿನ ವ್ಯಾಪಾರದ ರೀತಿ ಅದು. ಬಿದ್ದ ಮನೆಯ ಹೆಂಗಸಿನ ಒಡವೆಯ ಕಟ್ಟು ಅವಳ ಎದುರಿಗೆ ಬಿಚ್ಚುತ್ತಿರಲಿಲ್ಲ. ಕೊಂಡ ಮೇಲೆ ಬಿಚ್ಚಬಹುದಿತ್ತಲ್ಲ ಎಂದು ನಾನು ಕೇಳಲಿಲ್ಲ. ಅಪ್ಪನೇ ಹೇಳಿದ. ಬೀಗರಿಗೆ ಕೊಡುವ ವಸ್ತು, ಹಳೆಯ ಕೆಲಸದ ಕಟ್ಟು ಕೆಡುತ್ತದೆ ಎಂದು ಬಿಟ್ಟೆ ಎಂದ. ಆ ಮುದುಕಿಗಾದರೂ ಗೊತ್ತಿತ್ತೋ ಇಲ್ಲವೋ. ಅವಳ ಅತ್ತೆ ಅವಳಿಗೆ ಖರೆ ಎಂದು ಕೊಟ್ಟಿರಬೇಕು.

ಅಪ್ಪ ಎದ್ದು ಕಪಾಟಿನಿಂದ ಒಂದು ಯಶಬ್ ಚೂರಿಯ ಹಿಡಿಕೆ ತೆಗೆದು ಜೇಬಿಗೆ ಹಾಕಿಕೊಂಡ. ಅಂಗಡಿಯ ಹಲಗೆ ಹಚ್ಚಿದ. ದಾರಿಯಲ್ಲಿ ಮನೆಯ ಬಾಗಿಲಿಗೆ ಬಂದು ನನ್ನ ಅವ್ವ ಉಂಡು ಹೋಗಿರಿ ಎಂದಳು. ನಿಲ್ಲಲಿಲ್ಲ. ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಕೂತ. ದಾರಿಯುದ್ದಕ್ಕೂ ತೊಗರಿ ಹೊಲಗಳು ಹಸಿರಾಗಿದ್ದವು. ಒಂದು ಸಲ ಮಾತ್ರ, ನಿನ್ನ ಅತ್ತಿ ನಿನಗ ಏನರ ಅಂದಾಳು, ತಡಕೋ, ಎಂದ.

ಮನೆಗೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಬೀಗರು ಬಂದರೆಂದು ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಬಂದಳು. ಕಾಲಿಗೆ ನೀರು ಕೊಟ್ಟಳು, ಕಂಬಳಿ ಹಾಸಿದಳು. ನನ್ನ ಗಂಡ ಅಂಗಡಿಯಿಂದ ಬಂದು ಕಂಬಕ್ಕೆ ಒರಗಿ ನಿಂತ. ನಾದಿನಿ ಪಡಸಾಲೆಯ ಮೂಲೆಯಲ್ಲಿ ಕೌದಿಗಳಿಗೆ ಒರಗಿ ಕೂತಿದ್ದಳು. ಅವಳ ಮುಂದೆ ಮಾತು ಬೇಡ ಎಂದು ನಾನು ಅಪ್ಪನಿಗೆ ಸನ್ನೆ ಮಾಡಿದೆ. ಅಪ್ಪ ನೋಡಿದ. ಆದರೆ ಆಗಲೇ ಅತ್ತೆ ಕೇಳಿಬಿಟ್ಟಿದ್ದಳು.

“ಏನಂತಾಳ್ರಿ ಬೀಗರ ನಿಮ್ಮ ಮಗಳು? ನೀವು ಕೊಟ್ಟಿದ್ದು ಖೊಟ್ಟಿ ಅಂತಾಳ. ನೀವ ಹೇಳ್ರಿ.”

ಅಪ್ಪ ಕಂಬಳಿಯ ಮೇಲೆ ಕೂರಲಿಲ್ಲ. ನಿಂತೇ ಇದ್ದ.

“ಹೌದ್ರಿ ಅಕ್ಕೋರ. ಗಾಜು ಅದ. ನಾ ಕೊಟ್ಟಿದ್ದು ಗಾಜರಿ.”

ಅತ್ತೆ ನಂಬಲಿಲ್ಲ. ಮಗಳ ಮಾತಿಗೆ ಸೋತು ಬಂದಿದ್ದೀರಿ, ನನ್ನ ಕೂಸನ್ನು ಆ ದವಾಖಾನೆಗೆ ಹಾಕಬೇಕೆಂದು ಎಲ್ಲರೂ ಕೂಡಿ ಆಡುತ್ತೀರಿ ಎಂದಳು.  ಅಪ್ಪ ಜೇಬಿನಿಂದ ಚೂರಿಯ ಹಿಡಿಕೆ ತೆಗೆದು ಹೊಸ್ತಿಲ ಕಲ್ಲಿನ ಮೇಲಿಟ್ಟ. ಒಳಕಲ್ಲಿನ ಗುಂಡು ತರಲು ನನಗೆ ಹೇಳಿದ. ತಂದುಕೊಟ್ಟೆ. ಅದನ್ನು ಎರಡೂ ಕೈಯಿಂದ ಎತ್ತಿ ಹಿಡಿಕೆಯ ಮೇಲೆ ಹಾಕಿದ. ಹಿಡಿಕೆ ಸಿಡಿದು ದೂರ ಬಿತ್ತು. ಎತ್ತಿ ತಂದು ಮತ್ತೆ ಇಟ್ಟು ಮತ್ತೆ ಹಾಕಿದ. ಹೊಸ್ತಿಲು ಮುಕ್ಕಾಯಿತು. ಹಿಡಿಕೆಯನ್ನು ಒರೆಸಿ ಅತ್ತೆಯ ಅಂಗೈಯಲ್ಲಿಟ್ಟ. ಅದರ ಬದಿಗೆ ಒಡೆದ ತುಂಡನ್ನೂ ಇಟ್ಟ.

“ಖರೆ ಕಲ್ಲು ಒಡ್ಯೂದಿಲ್ಲರಿ. ಯಾರದೂ ತನ್ನ ಮ್ಯಾಲೆ ತಗೊಳ್ಳೂದಿಲ್ಲ. ಮುಂಜಾನೆ ಕರ್ಕೊಂಡು ಹೋಗ್ರಿ. ನಿಮ್ಮ ಕಾಲಿಗೆ ಬೀಳತೇನಿ.”

ಅತ್ತೆ ಎರಡನ್ನೂ ನೋಡಿದಳು. ಒಂದನ್ನು ಗಲ್ಲಕ್ಕೆ ಹಚ್ಚಿಕೊಂಡಳು, ಆಮೇಲೆ ಇನ್ನೊಂದನ್ನು. ಬೆಳ್ಳಿ ಬಿಟ್ಟುಹೋದ ಗಾಜು ಅವಳ ಕೈಯಲ್ಲಿ ಆಗಲೇ ಬೆಚ್ಚಗಾಗಿತ್ತು ಎಂದು ಕಾಣುತ್ತದೆ. ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು.

ಆಗ ಮೂಲೆಯಿಂದ ನಾದಿನಿಯ ದನಿ ಬಂತು. ನಾವು ಅವಳನ್ನು ಮರೆತೇಬಿಟ್ಟಿದ್ದೆವು.

“ಹಂಗಾರ ಹೋಗಿಲ್ಲೇನು ವೈನಿ ಅದು? ನನ್ನಾಗೇ ಅದ?”

 ಕಲ್ಲು ಒಡೆದ ದಿನದಿಂದ ಅವಳು ತನ್ನ ಉಸಿರಿನ ಲೆಕ್ಕ ಬಿಟ್ಟಿದ್ದಳು. ಏದುಸಿರು ಬಂದರೂ ಹೋದ ರೋಗದ ಬಾಲ ಎನ್ನುತ್ತಿದ್ದಳು. ಈಗ ಎದೆಯ ಮೇಲೆ ಕೈ ಇಟ್ಟುಕೊಂಡು ತನ್ನ ಬಡಿತವನ್ನು ತಾನೇ ಕೇಳತೊಡಗಿದಳು. ನಾನು ಹೋಗಿ ಬದಿಗೆ ಕೂತೆ. ಅವಳ ತುಟಿಯ ಬಣ್ಣ ಆ ಬೆಳಕಿನಲ್ಲಿ ನೇರಳೆ ಹಣ್ಣು ತಿಂದವರ ಹಾಗೆ ಕಂಡಿತು.

ಮರುದಿನ ಮೊದಲ ಬಸ್ಸಿಗೆ ಹೋದೆವು. ಅಮಾಸೆ ಇನ್ನೂ ಬಂದಿರಲಿಲ್ಲ. ಅತ್ತೆಯೂ ಬಂದಳು, ಹೈದರಾಬಾದಿನ ರಸ್ತೆಯುದ್ದಕ್ಕೂ ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ದವಾಖಾನೆಯಲ್ಲಿ ಮೂಗಿಗೆ ನಳಿಕೆ ಹಾಕಿದರು, ಸೂಜಿ ಚುಚ್ಚಿದರು. ಎದೆಯೊಳಗೆಲ್ಲ ನೀರು ತುಂಬಿದೆ, ಅದು ಇಳಿದರೆ ಆಪರೇಷನ್ ಎಂದರು. ಇಳಿಯಲಿಲ್ಲ. ಮುಂಚೆ ತಂದಿದ್ದರೆ ಉಳಿಯುತ್ತಿದ್ದಳೋ ಎಂದು ನನ್ನ ಗಂಡ ಕೇಳಿದನಂತೆ. ಉಳಿಯಬಹುದಿತ್ತು, ಹೇಳಲಿಕ್ಕೆ ಬರುವುದಿಲ್ಲ ಎಂದರಂತೆ. ಆ ಉತ್ತರವನ್ನು ಅವನು ಅವ್ವನಿಗೆ ಹೇಳಲಿಲ್ಲ. ಅತ್ತೆ ಬಹಳ ವರ್ಷ ಬದುಕಿದಳು. ಕಡೆಯ ದಿನಗಳಲ್ಲಿ ಒಮ್ಮೆ ನಾನು ಅವಳ ಬೆನ್ನು ತಿಕ್ಕುತ್ತಿದ್ದಾಗ, ನೀರು ಅಷ್ಟು ಕಾಸಬಾರದಿತ್ತು ಎಂದಳು. ಕಲ್ಲು ಒಡೆಯದೆ ಇದ್ದಿದ್ದರೆ ಮರುದಿನವೇ ಹೋಗುತ್ತಿದ್ದೆವು ಎನ್ನುವುದು ಅವಳ ಲೆಕ್ಕ. ನಾನು ನೀರು ಹಾಕಿದೆ.

ಅಪ್ಪ ಆ ಎರಡು ತುಂಡುಗಳನ್ನು ಕೇಳಿ ಒಯ್ದ. ಗಾದಿಯ ಮೇಲೆ, ತಕ್ಕಡಿಯ ಬದಿಗೆ, ಬಂದವರಿಗೆಲ್ಲ ಕಾಣುವಂತೆ ಇಟ್ಟುಕೊಂಡ. ಯಾರಾದರೂ ಹೌಲದಿಲಿ ಕೇಳಿದರೆ ಮೊದಲು ಆ ತುಂಡು ಕೈಗೆ ಕೊಟ್ಟು, ಇದು ನಾನು ನನ್ನ ಬೀಗರಿಗೆ ಕೊಟ್ಟ ಮಾಲು ಎನ್ನುತ್ತಿದ್ದ. ಬೆನ್ನು ಮುಚ್ಚಿದ ಕಲ್ಲನ್ನು ಯಾರು ತಂದರೂ ಬಿಚ್ಚದೆ ಮುಟ್ಟುತ್ತಿರಲಿಲ್ಲ. ಪರದೆಯ ಹಿಂದಿನ ಹೆಂಗಸರು ಸಿಟ್ಟಾಗಿ ವಸ್ತುವನ್ನು ವಾಪಸು ತರಿಸಿಕೊಂಡರು. ಆ ಮನೆಗಳ ಬಾಗಿಲು ಅಪ್ಪನಿಗೆ ಒಂದೊಂದಾಗಿ ಮುಚ್ಚಿದವು. ಈಗ ಅಪ್ಪ ಇಲ್ಲ. ತುಂಡುಗಳು ನನ್ನ ಪೆಟ್ಟಿಗೆಯಲ್ಲಿವೆ. ಒಂದರ ಅಂಚಿಗೆ ಈಗಲೂ ಕೈ ಕೊಯ್ಯುತ್ತದೆ.

ಆ ಸಂಜೆಗೆ ಮತ್ತೆ ಬರುತ್ತೇನೆ. ಅತ್ತೆ ಹೊಸ್ತಿಲಿನಿಂದ ಎದ್ದು, ಮುಖ ತೊಳೆದುಕೊಂಡು, ಬೀಗರು ಬಂದಾರ, ಬರೀ ರೊಟ್ಟಿ ಹಾಕಬಾರದು ಎಂದಳು. ಅವಳೇ ಬೆಲ್ಲ ಕುಟ್ಟಿ ಸಜ್ಜಕ ಮಾಡಿದಳು. ಮುಂಜಾನೆಯ ರೊಟ್ಟಿ, ಪುಂಡಿಪಲ್ಯ, ಮೊಸರು, ಸಜ್ಜಕದ ಮೇಲೆ ತುಪ್ಪ. ಅಪ್ಪ ಬೇಡ ಎನ್ನಲಿಲ್ಲ, ಹಾಕಿದ್ದನ್ನು ತಲೆ ಬಗ್ಗಿಸಿ ಉಂಡ. ನನ್ನ ಗಂಡ ಒಂದು ರೊಟ್ಟಿ ಮುರಿದು ಅರ್ಧ ಬಿಟ್ಟ. ನಾದಿನಿ ಗಂಜಿ ಬೇಡ ಎಂದಳು, ಸಜ್ಜಕ ಕೇಳಿದಳು. ಅತ್ತೆ ಬಟ್ಟಲಲ್ಲಿ ಕಲಸಿ ಕೈಯಾರೆ ಉಣ್ಣಿಸಿದಳು. ನಾಲ್ಕು ತುತ್ತು ಉಂಡು ಸಾಕೆಂದಳು. ಅತ್ತೆ ಉಣ್ಣಲಿಲ್ಲ. ನಾನು ಎಲ್ಲರ ತಾಟು ತೆಗೆದು ತಿಕ್ಕಿಟ್ಟು ಬಂದಾಗ ನಾದಿನಿ ಕೌದಿಗೆ ಒರಗಿ, ಎದೆಯ ಮೇಲಿನ ಕೈ ಹಾಗೇ ಇಟ್ಟುಕೊಂಡು ನಿದ್ದೆ ಹೋಗಿದ್ದಳು. ಅವತ್ತು ಮನೆಯಲ್ಲಿ ಮೊದಲು ಮಲಗಿದವಳು ಅವಳೇ.